ಸೋಫಾ ಮತ್ತೆ ಎಲ್ಲಿಗೆ ಹೋಯ್ತು? ಮನೆಯ ಜೋಡಣೆಯನ್ನು ಆಗಾಗ ಬದಲಿಸುವವರಿಗೊಂದು ಮಾರ್ಗದರ್ಶಿ

ಕೆಲವರಿಗೆ ಎರಡು ಮೂರು ತಿಂಗಳಿಗೊಮ್ಮೆ ಕೈ ಸುಮ್ನಿರುವುದಿಲ್ಲ. ಸೋಫಾ ಆ ಗೋಡೆಗೆ ಇದ್ದರೆ ಹೇಗೆ? ಮಂಚ ಕಿಟಕಿ ಪಕ್ಕಕ್ಕೆ ಹೋದರೆ? ಪರದೆಯ ಬಣ್ಣ ಬೇಜಾರಾಯ್ತಲ್ಲ? ಮನೆಯವರು ‘ಮತ್ತೆ ಶುರುವಾಯ್ತಾ?’ ಎಂದು ತಲೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ನಾನೂ ಇದೇ ಗುಂಪಿನವಳು. ಇದನ್ನು ಬಿಡಿಸುವ ಪ್ರಯತ್ನ ಈ ಬರಹದಲ್ಲಿಲ್ಲ. ಜೇಬು, ಬೆನ್ನು, ನೆಲ ಮೂರನ್ನೂ ಉಳಿಸಿಕೊಂಡು ಇದನ್ನು ಮಾಡುವುದು ಹೇಗೆ ಎಂಬುದಷ್ಟೇ ಇಲ್ಲಿದೆ.

ಹಳೆ ಕಾಲದ ಮನೆಗಳಲ್ಲಿ ಈ ಬದಲಾವಣೆ ದಿನವೂ ನಡೆಯುತ್ತಿತ್ತು. ಬೆಳಗ್ಗೆ ಹಾಸಿಗೆ ಸುತ್ತಿಟ್ಟರೆ ಪಡಸಾಲೆ ಖಾಲಿ. ಮಣೆ ಹಾಕಿದರೆ ಅದೇ ಊಟದ ಮನೆ. ಮಧ್ಯಾಹ್ನ ಚಾಪೆ ಬಿಚ್ಚಿದರೆ ಅದೇ ಮಲಗುವ ಕೋಣೆ. ಸಾಮಾನು ಕಡಿಮೆ, ಇದ್ದದ್ದೂ ಹಗುರ. ಆಮೇಲೆ ಸೋಫಾ ಸೆಟ್ಟು, ಷೋಕೇಸು, ಬಾಕ್ಸ್ ಮಂಚ ಬಂದವು. ಜಾಗ ಅಂಟಿಕೊಂಡಿತು. ಈಗ ನಾವು ಮಾಡಬೇಕಾದ್ದು ಮನೆಯ ಸ್ವಲ್ಪ ಭಾಗವನ್ನಾದರೂ ಮತ್ತೆ ಹಗುರ ಮಾಡುವುದು. ಹೊಸದು ಕೊಳ್ಳುವ ಮಾತು ಆಮೇಲೆ.

ಲೆಕ್ಕಕ್ಕೆ ಬೆಂಗಳೂರಿನ ಒಂದು ಸಾಮಾನ್ಯ ಎರಡು ಕೋಣೆಯ ಬಾಡಿಗೆ ಮನೆಯನ್ನು ಇಟ್ಟುಕೊಂಡಿದ್ದೇನೆ. ಸ್ವಂತ ಮನೆಯವರಿಗೆ ಸ್ವಾತಂತ್ರ್ಯ ಜಾಸ್ತಿ, ಅಷ್ಟೇ ವ್ಯತ್ಯಾಸ.

ಹೆಜ್ಜೆ 1: ಕದಲುವುದು ಯಾವುದು, ಕದಲದ್ದು ಯಾವುದು

ಒಂದು ಹಾಳೆ ತೆಗೆದುಕೊಂಡು ಮನೆಯ ಸಾಮಾನನ್ನು ಮೂರು ಪಾಲು ಮಾಡಿ.

ಮೊದಲನೆಯದು ಮುಟ್ಟಬಾರದ್ದು. ಕಬ್ಬಿಣದ ಬೀರು, ಗೋಡೆಗೆ ಸೇರಿಸಿ ಕಟ್ಟಿದ ಕಪಾಟು, ವಾಷಿಂಗ್ ಮೆಷಿನ್, ಯುಪಿಎಸ್ ಬ್ಯಾಟರಿ, ದೇವರ ಮನೆ. ಫ್ರಿಜ್ ಕೂಡ ಇಲ್ಲಿಗೇ ಸೇರುತ್ತದೆ. ಅದಕ್ಕೆ ಹೊಂದುವ ಪ್ಲಗ್ಗು ಎಲ್ಲಿದೆಯೋ ಅಲ್ಲೇ ಜಾಗ. ಎಕ್ಸ್‌ಟೆನ್ಷನ್ ಬೋರ್ಡು ಹಾಕಿ ಎಳೆದಾಡುವ ವಸ್ತುವಲ್ಲ.

ಎರಡನೆಯದು ಇಬ್ಬರು ಹಿಡಿದರೆ ಕದಲುವಂಥದ್ದು: ಸೋಫಾ, ಮಂಚ, ಊಟದ ಮೇಜು, ಪುಸ್ತಕದ ಕಪಾಟು. ಇವು ವರ್ಷಕ್ಕೆ ಎರಡು ಸಲ ಕದಲಿದರೆ ಸಾಕು.

ಮೂರನೆಯ ಪಾಲೇ ನಿಮ್ಮ ಆಟದ ಮೈದಾನ. ಟೀಪಾಯಿ, ಸ್ಟೂಲು, ಬೆತ್ತದ ಕುರ್ಚಿ, ಜಮಖಾನ, ಪರದೆ, ದಿಂಬಿನ ಕವರ್, ಲ್ಯಾಂಪು, ಗಿಡದ ಕುಂಡ, ಗೋಡೆಯ ಚಿತ್ರ. ಒಬ್ಬರೇ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದಾದವು. ನಿಮ್ಮ ಮನೆಯಲ್ಲಿ ಈ ಪಾಲು ತೀರಾ ಚಿಕ್ಕದಾಗಿದ್ದರೆ, ಬದಲಾವಣೆ ಎಂದಾಗಲೆಲ್ಲ ಸೋಫಾಗೇ ಕೈ ಹಾಕುತ್ತೀರಿ. ಬೆನ್ನು ನೋವು, ಮನೆಯವರ ಬೈಗುಳ ಎರಡೂ ಅಲ್ಲಿಂದಲೇ ಶುರು.

ಹೆಜ್ಜೆ 2: ಅಳತೆ

ಈ ಹೆಜ್ಜೆಯನ್ನು ಹಾರಿಸುವವರೇ ಜಾಸ್ತಿ. ಅಳತೆ ಟೇಪು ಹಿಡಿದು ಒಮ್ಮೆ ಸರಿಯಾಗಿ ಅಳೆದಿಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಕೋಣೆಯ ಉದ್ದ ಅಗಲ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಕಿಟಕಿ ನೆಲದಿಂದ ಎಷ್ಟು ಎತ್ತರ, ಸ್ವಿಚ್ ಬೋರ್ಡು ಎಲ್ಲೆಲ್ಲಿದೆ, ಫ್ಯಾನು ಎಲ್ಲಿದೆ. ಚೌಕುಳಿ ಹಾಳೆಯಲ್ಲಿ ಒಂದು ಅಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಕೋಣೆ ಬರೆಯಿರಿ. ಹಳೆ ಮದುವೆ ಕರೆಯೋಲೆಯನ್ನು ಕತ್ತರಿಸಿ ಅದೇ ಲೆಕ್ಕದಲ್ಲಿ ಸೋಫಾ, ಮಂಚ, ಮೇಜು ಮಾಡಿಕೊಳ್ಳಿ. ಆಮೇಲೆ ಹಾಳೆಯ ಮೇಲೆ ಸರಿಸಾಡಿ. ಮೊಬೈಲ್ ಆ್ಯಪ್‌ಗಳೂ ಇವೆ, ನನಗೆ ಮಾತ್ರ ಕಾಗದವೇ ಇಷ್ಟ.

ಒಂದು ಉದಾಹರಣೆ ನೋಡೋಣ. ಕೋಣೆ 10 ಅಡಿ ಅಗಲ, ಅಂದರೆ 120 ಇಂಚು. ಕಿಂಗ್ ಸೈಜ್ ಮಂಚ 72 ಇಂಚು ಅಗಲ, 78 ಇಂಚು ಉದ್ದ. ಅದನ್ನು ನಡುವೆ ಇಟ್ಟರೆ ಎರಡೂ ಬದಿಗೆ 24 ಇಂಚು ಉಳಿಯುತ್ತದೆ. ಬೆಡ್‌ಶೀಟ್ ಸಿಗಿಸಲು ಅಡ್ಡಡ್ಡ ನಡೆಯಬೇಕು. ಕ್ವೀನ್ ಸೈಜ್ ಆದರೆ 60 ಇಂಚು ಅಗಲ, ಎರಡೂ ಬದಿಗೆ 30 ಇಂಚು. ಆರಾಮಾಗಿ ಓಡಾಡಬಹುದು, ಮಂಚವನ್ನು ಇನ್ನೊಂದು ಗೋಡೆಗೆ ತಿರುಗಿಸುವುದಕ್ಕೂ ದಾರಿ ಇರುತ್ತದೆ. ಆಗಾಗ ಬದಲಿಸುವ ಆಸೆ ಇರುವವರು ಚಿಕ್ಕ ಕೋಣೆಗೆ ಕಿಂಗ್ ಸೈಜ್ ತರಬೇಡಿ. ತಂದ ದಿನವೇ ಆ ಕೋಣೆಯ ಕಥೆ ಮುಗಿಯಿತು.

ನೆನಪಿಡಬೇಕಾದ ಇನ್ನು ಕೆಲವು ಅಳತೆಗಳಿವೆ. ಜನ ಓಡಾಡುವ ದಾರಿಗೆ 30ರಿಂದ 36 ಇಂಚು ಬಿಡಿ. ಸೋಫಾಗೂ ಟೀಪಾಯಿಗೂ ನಡುವೆ 14ರಿಂದ 18 ಇಂಚು ಇದ್ದರೆ ಕಾಫಿ ಲೋಟ ಕೈಗೆ ಸಿಗುತ್ತದೆ, ಮೊಣಕಾಲೂ ತಾಗುವುದಿಲ್ಲ. 43 ಇಂಚಿನ ಟಿವಿ ಇದ್ದರೆ ಐದೂವರೆ ಅಡಿಯಿಂದ ಒಂಬತ್ತು ಅಡಿ ದೂರದೊಳಗೆ ಕೂತರೆ ಸರಿ. ಬೀರುವಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂದು ಹಾಳೆಯ ಮೇಲೆ ಗೆರೆ ಎಳೆದೇ ನೋಡಿ.

ಹಾಳೆಯಲ್ಲಿ ಒಪ್ಪಿಗೆಯಾದದ್ದನ್ನು ನೆಲದ ಮೇಲೆ ಮಾಸ್ಕಿಂಗ್ ಟೇಪಿನಲ್ಲಿ ಗುರುತು ಮಾಡಿ. ಒಂದು ದಿನ ಆ ಗುರುತಿನ ಸುತ್ತ ಓಡಾಡಿ. ರಾತ್ರಿ ದೀಪ ಆರಿಸಿ ಬಚ್ಚಲಮನೆಗೆ ಹೋಗಿ ಬನ್ನಿ. ಟೇಪಿಗೆ ಎಡವಿದರೆ ಏನೂ ಆಗುವುದಿಲ್ಲ, ಮಂಚದ ಕಾಲಿಗೆ ಎಡವಿದರೆ ಕಿರುಬೆರಳು ಹೋಗುತ್ತದೆ.

ಹೆಜ್ಜೆ 3: ಎತ್ತುವುದು, ಎಳೆಯುವುದು

ಮೊದಲು ಖಾಲಿ ಮಾಡಿ. ಡ್ರಾಯರ್ ಹೊರಗೆ, ಪುಸ್ತಕ ಹೊರಗೆ, ಮಂಚದ ಮೇಲಿನ ಗಾದಿ ಹೊರಗೆ. ‘ಸ್ವಲ್ಪ ದೂರ ತಾನೆ’ ಎಂದು ತುಂಬಿದ ಕಪಾಟನ್ನೇ ತಳ್ಳಿದರೆ ಅದರ ಕೀಲುಗಳು ಸಡಿಲವಾಗುತ್ತವೆ.

ನೆಲ ಯಾವುದು ಎಂಬುದು ಮುಖ್ಯ. ವಿಟ್ರಿಫೈಡ್ ಟೈಲ್ಸ್ ಗಟ್ಟಿ, ಆದರೆ ಕಾಲಿನ ಕೆಳಗೆ ಸಿಕ್ಕ ಒಂದು ಮರಳಿನ ಕಣ ಗೀರು ಮೂಡಿಸಬಲ್ಲದು. ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಇನ್ನೂ ಸೂಕ್ಷ್ಮ. ಅದರ ಮೇಲೆ ಬಿದ್ದ ಗೀರು ಹಾಗೆ ಸುಮ್ನೆ ಒರೆಸಿದರೆ ಹೋಗುವುದಿಲ್ಲ. ಗುಡಿಸಿ ಒರೆಸಿದ ಮೇಲೆ ಕಾಲುಗಳ ಕೆಳಗೆ ಮಡಿಸಿದ ಹಳೆ ಕಂಬಳಿ ಅಥವಾ ಗೋಣಿಚೀಲ ಹಾಕಿ ನಿಧಾನ ಎಳೆಯಿರಿ. ಎಳೆದಾದ ಮೇಲೆ ಕಾಲುಗಳಿಗೆ ಫೆಲ್ಟ್ ಪ್ಯಾಡ್ ಅಂಟಿಸಿಬಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯಲ್ಲ. ಮುಂದಿನ ಸಲ ಅರ್ಧ ಕೆಲಸ ಕಡಿಮೆ.

ಎತ್ತುವಾಗ ಮೊಣಕಾಲು ಮಡಿಸಿ, ಬೆನ್ನು ನೇರ ಇರಲಿ. ಎತ್ತಿಕೊಂಡೇ ಸೊಂಟ ತಿರುಗಿಸಬೇಡಿ, ಪಾದ ತಿರುಗಿಸಿ. ಬಣ್ಣ ಬಳಿಯುವುದಕ್ಕೆಂದೋ ಮನೆ ಖಾಲಿ ಮಾಡುವಾಗಲೋ ಫ್ರಿಜ್ ಎತ್ತಲೇಬೇಕಾದರೆ ನೆಟ್ಟಗೇ ಸಾಗಿಸಿ. ವಾಲಿಸಿ ತಂದಿದ್ದರೆ ಕೆಲವು ಗಂಟೆ ಸುಮ್ನೆ ನಿಲ್ಲಿಸಿ, ಆಮೇಲೆ ಸ್ವಿಚ್ ಹಾಕಿ.

ಎತ್ತರದ ಪುಸ್ತಕದ ಕಪಾಟನ್ನು ಹೊಸ ಜಾಗದಲ್ಲಿ ಇಟ್ಟ ಮೇಲೆ ಗೋಡೆಗೆ ಎಲ್ ಕ್ಲಾಂಪ್ ಹಾಕಿ ಬಿಗಿಯಿರಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಕಡ್ಡಾಯ. ಮಕ್ಕಳು ಕಪಾಟನ್ನು ಏಣಿ ಮಾಡಿಕೊಳ್ಳುತ್ತವೆ, ಹತ್ತಿದಾಗ ಅದು ಮುಂದಕ್ಕೆ ಬೀಳುತ್ತದೆ. ‘ಮುಂದಿನ ತಿಂಗಳು ಮತ್ತೆ ಸರಿಸುತ್ತೇನಲ್ಲ’ ಎಂದು ಬಿಡುವ ಹಾಗಿಲ್ಲ. ಹಾಗೆ ಸರಿಸುವುದಿದ್ದರೆ ಎತ್ತರದ ಕಪಾಟಿನ ಬದಲು ಸೊಂಟದೆತ್ತರದ ಎರಡು ಕಪಾಟು ಇಟ್ಟುಕೊಳ್ಳಿ.

ವೈರುಗಳನ್ನು ಜಮಖಾನದ ಕೆಳಗೆ ಅಡಗಿಸಬೇಡಿ. ತುಳಿದು ತುಳಿದು ಮೇಲಿನ ಪದರ ಸವೆಯುತ್ತದೆ, ಬಿಸಿಯೂ ಒಳಗೇ ನಿಲ್ಲುತ್ತದೆ. ಗೋಡೆಯ ಅಂಚಿನಲ್ಲಿ ಕ್ಲಿಪ್ ಹಾಕಿ ಒಯ್ಯಿರಿ.

ಹೆಜ್ಜೆ 4: ಬಟ್ಟೆ, ಬೆಳಕು, ಗೋಡೆ

ನನ್ನ ಅಭಿಪ್ರಾಯ ಕೇಳಿದರೆ ಮಂಚ ಸೋಫಾ ಸರಿಸುವುದಕ್ಕಿಂತ ಹೆಚ್ಚು ಬದಲಾವಣೆ ಬಟ್ಟೆಯಿಂದ ಬರುತ್ತದೆ. ಕೋಣೆಯಲ್ಲಿ ಕಣ್ಣಿಗೆ ಬೀಳುವ ಬಣ್ಣದ ದೊಡ್ಡ ಪಾಲು ಪರದೆ, ಹಾಸು, ಬೆಡ್‌ಶೀಟಿನದು. ಅವನ್ನು ಬದಲಿಸಲು ಯಾರ ಸಹಾಯವೂ ಬೇಡ.

ಬೀರುವಿನಲ್ಲಿ ಉಡದೆ ಬಿದ್ದಿರುವ ಇಳಕಲ್ ಸೀರೆ ಇದೆಯಾ? ಸಾಮಾನ್ಯ ಸೀರೆ ಐದೂವರೆ ಮೀಟರ್, ಅಂದರೆ ಸುಮಾರು 18 ಅಡಿ. ಅಗಲ ಸುಮಾರು 45 ಇಂಚು. ಬಾಗಿಲ ಪರದೆಗೆ 7 ಅಡಿ ಬೇಕು, ಮೇಲೆ ಕೆಳಗೆ ಮಡಚಿ ಹೊಲಿಯಲು 8 ಇಂಚು ಸೇರಿಸಿ. ಎರಡು ಪರದೆಗೆ ಹದಿನೈದೂವರೆ ಅಡಿ ಸಾಕು. ಉಳಿದ ಎರಡೂವರೆ ಅಡಿಯಲ್ಲಿ 16 ಇಂಚಿನ ಎರಡು ದಿಂಬಿನ ಮುಖ ಬರುತ್ತವೆ. ಇಳಕಲ್ ಸೀರೆಯ ಟೋಪಿ ತೆನೆ ವಿನ್ಯಾಸದ ಸೆರಗನ್ನು ದಿಂಬಿಗೆ ಉಳಿಸಿಕೊಳ್ಳಿ, ಚೆಂದ ಕಾಣುತ್ತದೆ. ಒಂದು ಎಚ್ಚರಿಕೆ: ಪಡುವಣ ಬಿಸಿಲು ಬೀಳುವ ಕಿಟಕಿಗೆ ರೇಷ್ಮೆ ಇರುವ ಬಟ್ಟೆ ಬೇಡ. ಬಿಸಿಲಿಗೆ ಬಣ್ಣ ಇಳಿದು ಎಳೆ ಕಿತ್ತು ಬರುತ್ತದೆ. ಅಲ್ಲಿಗೆ ಒರಟು ಹತ್ತಿಯೇ ಸರಿ. ಅಜ್ಜಿಯ ಮದುವೆ ಸೀರೆಗೆ ಕತ್ತರಿ ಹಾಕುವ ಮುಂಚೆ ಮನೆಯಲ್ಲಿ ಒಂದು ಮಾತು ಕೇಳಿ.

ನೆಲಕ್ಕೆ ನವಲಗುಂದದ ಜಮಖಾನ ಇದ್ದರೆ ಬೇರೆ ಅಲಂಕಾರ ಬೇಡ. ಪಗಡೆ ಹಾಸಿನ ವಿನ್ಯಾಸ, ನವಿಲು, ಗಾಢ ಬಣ್ಣಗಳು. ಅದು ಬಂದರೆ ದಿಂಬು ಪರದೆಗಳನ್ನು ಒಂದೇ ಬಣ್ಣಕ್ಕೆ ಇಳಿಸಿಬಿಡಿ, ಇಲ್ಲದಿದ್ದರೆ ಜಾತ್ರೆ. ಉತ್ತರ ಕರ್ನಾಟಕದ ಕೌದಿ ಕೂಡ ಹಾಗೆಯೇ. ದಿವಾನ್ ಮೇಲೆ ಹಾಸಿ, ಚಳಿಗೆ ಹೊದೆಯಿರಿ, ಬಿದಿರಿನ ಕೋಲು ಸೇರಿಸಿ ಗೋಡೆಗೆ ತೂಗಿ ಹಾಕಿ. ಒಂದೇ ವಸ್ತುವಿಗೆ ಮೂರು ಕೆಲಸ. ಆಗಾಗ ಬದಲಿಸುವವರು ಇಂಥವನ್ನೇ ಹುಡುಕಬೇಕು.

ಬೆಳಕಿನ ವಿಷಯ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಸಂಖ್ಯೆ ಇರುತ್ತದೆ. 2700ರಿಂದ 3000 ಇದ್ದರೆ ಹಳದಿ, ಸಂಜೆಗೆ ಹಿತ. 4000 ನಡುವಿನದು. 6500 ಬಿಳಿ, ನಮ್ಮ ಬಹಳಷ್ಟು ಹಾಲ್‌ಗಳಲ್ಲಿ ಇರುವುದು ಇದೇ. ಓದುವ ಮೇಜಿಗೂ ಅಡುಗೆಮನೆಗೂ ಸರಿ, ನೆಂಟರ ಜೊತೆ ಹರಟೆಗೆ ಆಸ್ಪತ್ರೆ ವಾರ್ಡಿನ ಕಳೆ. ಮೂಲೆಯಲ್ಲಿ 3000 ಕೆಲ್ವಿನ್‌ನ ಒಂದು ಲ್ಯಾಂಪ್ ಇಟ್ಟು ಟ್ಯೂಬ್‌ಲೈಟ್ ಆರಿಸಿ ನೋಡಿ. ಸೋಫಾ ಸರಿಸುವ ಆಸೆಯೇ ಒಂದು ತಿಂಗಳು ಮುಂದಕ್ಕೆ ಹೋಗಬಹುದು.

ಗೋಡೆಗೆ ಮೊಳೆ ಹೊಡೆಯುವ ಮುಂಚೆ ಬಾಡಿಗೆ ಕರಾರು ಓದಿ. ಬೆಂಗಳೂರಿನಲ್ಲಿ ಖಾಲಿ ಮಾಡುವಾಗ ಬಣ್ಣಕ್ಕೆಂದು ಮುಂಗಡದಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುವುದು ಸಾಮಾನ್ಯ. ತೂತುಗಳಿಗೆ ಮತ್ತೆ ಬೇರೆ ಲೆಕ್ಕ ಬರಬಹುದು. ಮಾಲೀಕರನ್ನು ಕೇಳಿ ಒಂದೇ ಒಂದು ಉದ್ದನೆಯ ಹಲಗೆ ಹಾಕಿಸಿ, ಚಿತ್ರಗಳನ್ನು ಅದರ ಮೇಲೆ ಒರಗಿಸಿ ಇಡಿ. ಬದಲಿಸುವಾಗ ಹೊಸ ತೂತು ಬೇಡ. ಅಂಟಿಸುವ ಹುಕ್ಕು ನಯವಾದ ಎಮಲ್ಷನ್ ಗೋಡೆಗೆ ಕೂರುತ್ತದೆ. ಸುಣ್ಣ ಅಥವಾ ಡಿಸ್ಟೆಂಪರ್ ಗೋಡೆಯಾದರೆ ಬಣ್ಣದ ಸಮೇತ ಕಿತ್ತು ಬರುತ್ತದೆ.

ಒಪ್ಪಿಗೆ ಸಿಕ್ಕಿ ಒಂದು ಗೋಡೆಗೆ ಬಣ್ಣ ಬಳಿಯುವುದಾದರೆ, 10 ಅಡಿ ಉದ್ದ 10 ಅಡಿ ಎತ್ತರದ ಗೋಡೆಗೆ ಎರಡು ಸಲ ಬಳಿಯಲು ಎರಡು ಲೀಟರ್ ಎಮಲ್ಷನ್ ಸಾಕಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಡ, ಒಣಗುವುದಿಲ್ಲ.

ಹೆಜ್ಜೆ 5: ಯಾವಾಗ ಬದಲಿಸುವುದು

ಮನಸ್ಸು ಬಂದಾಗೆಲ್ಲ ಎಂದರೆ ಮನೆಯವರು ಒಪ್ಪುವುದಿಲ್ಲ. ಹಬ್ಬಕ್ಕೆ ಎಂದರೆ ಒಪ್ಪುತ್ತಾರೆ. ಇದು ನನ್ನ ಹಳೆ ಉಪಾಯ.

ಹಳೆ ಮೈಸೂರು ಕಡೆಯ ಮನೆಗಳಿಗೆ ದಸರಾ ದೊಡ್ಡ ನೆಪ. ಗೊಂಬೆ ಕೂರಿಸಲು ಹಾಲ್‌ನ ಒಂದು ಗೋಡೆ ಖಾಲಿಯಾಗಲೇಬೇಕು. ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯ ಮೆಟ್ಟಿಲು. ಮೇಲೆ ಪಟ್ಟದ ಗೊಂಬೆ, ಕೆಳಗೆ ಚನ್ನಪಟ್ಟಣದ ಬಣ್ಣದ ಆಟಿಕೆ, ಕಿನ್ನಾಳದ ಗೊಂಬೆ. ಮೆಟ್ಟಿಲಿಗೆಂದು ಬೇರೆ ಸ್ಟ್ಯಾಂಡ್ ಕೊಳ್ಳುವ ಬದಲು, ಬೇರೆ ಬೇರೆ ಎತ್ತರದ ಗಟ್ಟಿ ಮರದ ಪೆಟ್ಟಿಗೆಗಳನ್ನು ಮಾಡಿಸಿಕೊಳ್ಳಿ. ಒಂಬತ್ತು ದಿನ ಮೆಟ್ಟಿಲು. ಮಿಕ್ಕ ದಿನ ಒಂದು ಮಂಚದ ಪಕ್ಕದ ಮೇಜು, ಒಂದು ಗಿಡದ ಪೀಠ, ಒಂದು ಚಪ್ಪಲಿ ಹಾಕಿಕೊಳ್ಳಲು ಕೂರುವ ಜಾಗ. ದಸರಾ ಜೋಡಣೆಯನ್ನು ಹಾಳೆಯಲ್ಲಿ ಒಮ್ಮೆ ಬರೆದಿಟ್ಟರೆ ಪ್ರತಿ ವರ್ಷ ‘ಸೋಫಾ ಎಲ್ಲಿಗೆ?’ ಎಂಬ ಜಗಳ ಇಲ್ಲ.

ವರಮಹಾಲಕ್ಷ್ಮಿ, ಗೌರಿ ಗಣೇಶಕ್ಕೆ ಒಂದು ಮೂಲೆ ಬದಲಾದರೆ ಸಾಕು. ಯುಗಾದಿಯ ಮುಂಚಿನ ಸ್ವಚ್ಛತೆಗೆ ಹೇಗೂ ಎಲ್ಲ ಸಾಮಾನು ನಡುಮನೆಗೆ ಬರುತ್ತದೆ. ಹಿಂದಕ್ಕೆ ಇಡುವಾಗ ಬೇರೆ ಜಾಗದಲ್ಲಿ ಇಡಿ. ಎರಡನೆಯ ಸಲ ಎತ್ತುವ ಕೆಲಸ ಉಳಿಯಿತು.

ಕಾಲಕ್ಕೂ ಒಂದು ತರ್ಕ ಇದೆ. ಏಪ್ರಿಲ್ 24ರ ಆಸುಪಾಸು ಬೆಂಗಳೂರಿನಲ್ಲಿ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಕಾಣುವುದಿಲ್ಲ. ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಬರುವುದಿಲ್ಲ. ಸುಡುವುದು ಸಂಜೆಯ ಪಡುವಣ ಗೋಡೆ. ಬೇಸಿಗೆಗೆ ಮಂಚವನ್ನು ಆ ಗೋಡೆಯಿಂದ ಆಚೆಗೆ ತನ್ನಿ, ದಪ್ಪ ಹಾಸುಗಳನ್ನು ಸುತ್ತಿಟ್ಟು ಬರಿ ನೆಲ ಬಿಡಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿ ಪಕ್ಕ ಓದುವ ಕುರ್ಚಿ ಇಡುವ ಕಾಲ ಅದೇ.

ಮಳೆಗಾಲ ಕರಾವಳಿ, ಮಲೆನಾಡಿನವರಿಗೆ ಬೇರೆಯೇ ಪಾಠ. ನೈಋತ್ಯದಿಂದ ಹೊಡೆಯುವ ಮಳೆಗೆ ಆ ಕಡೆಯ ಗೋಡೆ ತೇವ ಹೀರುತ್ತದೆ. ಜೂನ್ ಶುರುವಾಗುವ ಮುಂಚೆ ಮರದ ಸಾಮಾನನ್ನು ಹೊರಗೋಡೆಯಿಂದ ಎರಡು ಮೂರು ಇಂಚು ಮುಂದಕ್ಕೆ ಎಳೆದು ಗಾಳಿ ಆಡಲು ಬಿಡಿ. ಹಿಂಬದಿಗೆ ಬೂಷ್ಟು ಹಿಡಿಯುವುದು, ಗೆದ್ದಲು ಹತ್ತುವುದು ಬೇಗ ಕಣ್ಣಿಗೆ ಬೀಳುತ್ತದೆ. ಆಗಾಗ ಸಾಮಾನು ಸರಿಸುವವರ ಮನೆಯಲ್ಲಿ ಗೆದ್ದಲು ಕದ್ದು ಬೆಳೆಯುವುದು ಕಷ್ಟ. ಮನೆಯವರು ಬೈದಾಗ ಈ ಮಾತು ಹೇಳಿ.

ಹೆಜ್ಜೆ 6: ತೆಗೆದದ್ದನ್ನು ಎಲ್ಲಿಡುವುದು

ಪ್ರತಿ ಸಲ ಅರ್ಧ ಸಾಮಾನು ಅಟ್ಟಕ್ಕೆ ಹೋಗಬೇಕು, ಅರ್ಧ ಇಳಿಯಬೇಕು. ಎಲ್ಲವೂ ಒಟ್ಟಿಗೇ ಹೊರಗಿದ್ದರೆ ಬದಲಿಸಲು ಏನೂ ಉಳಿಯುವುದಿಲ್ಲ. ಪರದೆ, ಕವರ್‌ಗಳನ್ನು ಒಗೆದು ಪೂರ್ತಿ ಒಣಗಿಸಿ ಹಳೆ ಪಂಚೆಯಲ್ಲಿ ಸುತ್ತಿ. ಒಣ ಬೇವಿನ ಎಲೆ ಅಥವಾ ಬಜೆ ಬೇರಿನ ತುಂಡು ಇಡಿ. ನುಸಿಗುಳಿಗೆ ಹಾಕುವುದಾದರೆ ಜರಿಗೆ ತಾಗದಂತೆ ಬೇರೆ ಬಟ್ಟೆಯಲ್ಲಿ ಕಟ್ಟಿ. ಗಂಟಿನ ಮೇಲೆ ಒಳಗೇನಿದೆ ಎಂದು ಚೀಟಿ ಅಂಟಿಸಿ. ಎರಡು ವರ್ಷ ಅಟ್ಟದಿಂದ ಇಳಿಯದ ವಸ್ತು ಯಾರಿಗಾದರೂ ಕೊಡುವ ವಸ್ತು.

ಹೆಜ್ಜೆ 7: ಕೊಳ್ಳಲೇಬೇಕಾದರೆ

ಆಗಾಗ ಬಿಚ್ಚಿ ಜೋಡಿಸುವವರಿಗೆ ಪಾರ್ಟಿಕಲ್ ಬೋರ್ಡಿನ ಸಾಮಾನು ಆಗಿಬರುವುದಿಲ್ಲ. ಒತ್ತಿದ ಮರದ ಪುಡಿಯಲ್ಲಿ ಸ್ಕ್ರೂ ಮೊದಲ ಸಲ ಗಟ್ಟಿಯಾಗಿ ಕೂರುತ್ತದೆ, ಬಿಚ್ಚಿ ಹಾಕುತ್ತ ಹೋದಂತೆ ತೂತು ದೊಡ್ಡದಾಗುತ್ತದೆ. ನೀರು ತಾಗಿದರೆ ಉಬ್ಬುತ್ತದೆ. ಪ್ಲೈವುಡ್ ಆದರೆ ಮೇಲಿನ ಮುದ್ರೆ ನೋಡಿ: ಐಎಸ್ 303 ಎಂದರೆ ಒಳಗಿನ ಸಾಧಾರಣ ಬಳಕೆಗೆ, ಐಎಸ್ 710 ಎಂದರೆ ನೀರು ತಡೆಯುವಂಥದ್ದು. ಗಟ್ಟಿ ಮರದ ಸಾಮಾನು ಭಾರ, ಆದರೆ ಎಷ್ಟು ಸಲ ಬೇಕಾದರೂ ಬಿಚ್ಚಬಹುದು. ಹಗುರ ಬೇಕೆಂದರೆ ಬೆತ್ತ, ಬಿದಿರು. ಬೆಂಗಳೂರಿನ ಬಂಬೂ ಬಜಾರ್‌ನಂಥ ಕಡೆ ಹೋದರೆ ನಿಮ್ಮ ಅಳತೆಗೆ ಮಾಡಿಕೊಡುವವರು ಸಿಗುತ್ತಾರೆ. ಬೆತ್ತದ ಕುರ್ಚಿಯನ್ನು ಒಂದು ಕೈಯಲ್ಲಿ ಎತ್ತಿ ಬಾಲ್ಕನಿಗೆ ಒಯ್ಯಬಹುದು.

ಎಲ್ ಆಕಾರದ ದೊಡ್ಡ ಸೋಫಾ ಬೇಡವೇ ಬೇಡ. ಅದು ಹಾಲ್‌ನ ಮೂಲೆಯೊಂದನ್ನು ಹಿಡಿದರೆ ಬಿಡುವುದಿಲ್ಲ. ಇಬ್ಬರು ಕೂರುವ ಸೋಫಾ, ಎರಡು ಬಿಡಿ ಕುರ್ಚಿ, ಒಂದು ದಿವಾನ್ ಇದ್ದರೆ ಜೋಡಣೆಗಳು ಹಲವು. ದುಡ್ಡು ಕೊಡುವ ಮುಂಚೆ ಲಿಫ್ಟಿನ ಬಾಗಿಲು, ಮೆಟ್ಟಿಲಿನ ತಿರುವು, ಮನೆಯ ಬಾಗಿಲು ಅಳೆಯಿರಿ.

ಎರಡು ಮೂರು ವರ್ಷಕ್ಕೆ ಊರು ಬದಲಿಸುವವರಿಗೆ ಬಾಡಿಗೆ ಪೀಠೋಪಕರಣವೂ ಒಂದು ದಾರಿ. ಕನಿಷ್ಠ ಎಷ್ಟು ತಿಂಗಳು ಇಟ್ಟುಕೊಳ್ಳಬೇಕು, ಗೀರು ಬಿದ್ದರೆ ಏನು ಕಡಿತ, ನಡುವೆ ಬದಲಿಸಿಕೊಡುತ್ತಾರಾ ಎಂಬ ಮೂರನ್ನು ಬರಹದಲ್ಲಿ ಕೇಳಿ. ಒಟ್ಟು ಬಾಡಿಗೆ ಲೆಕ್ಕ ಹಾಕಿ ಹಳೆ ಸಾಮಾನಿನ ಬೆಲೆಗೆ ಹೋಲಿಸಿ ನೋಡಿ. ಎಷ್ಟೋ ಸಲ ಸೆಕೆಂಡ್ ಹ್ಯಾಂಡ್ ಗಟ್ಟಿ ಮರದ ಮೇಜೇ ಅಗ್ಗ ಬೀಳುತ್ತದೆ.

ಹೆಜ್ಜೆ 8: ಮನೆಯವರನ್ನು ಒಪ್ಪಿಸುವುದು

ಹಿಂದಿನ ದಿನವೇ ಹೇಳಿ. ಸಂಜೆ ಕೆಲಸದಿಂದ ಬಂದವರು ಕತ್ತಲಲ್ಲಿ ಇದ್ದ ಜಾಗದಲ್ಲಿ ಇಲ್ಲದ ಕುರ್ಚಿಯ ಮೇಲೆ ಕೂರಲು ಹೋಗಬಾರದು. ವಯಸ್ಸಾದವರ ಕುರ್ಚಿ, ಅವರು ಮಂಚದಿಂದ ಬಚ್ಚಲಮನೆಗೆ ಹೋಗುವ ದಾರಿ, ಕನ್ನಡಕ ಇಡುವ ಜಾಗ ಇವನ್ನು ಬದಲಾವಣೆಯಿಂದ ಹೊರಗಿಡಿ. ಆ ದಾರಿಯಲ್ಲಿ ಜಾರುವ ಹಾಸು ಬೇಡ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂದು ಅತ್ತೆ ಹೇಳಿದರೆ ವಾದಕ್ಕೆ ಇಳಿಯಬೇಡಿ. ಉಳಿದ ಮೂರು ದಿಕ್ಕು ಇವೆಯಲ್ಲ, ಹಾಳೆಯ ಮೇಲೆ ಮಂಚ ತಿರುಗಿಸಿ ಅವರಿಗೇ ತೋರಿಸಿ. ಒಮ್ಮೆ ಕಾಗದದ ಸೋಫಾ ಕೈಗೆ ಕೊಟ್ಟರೆ ಅವರೂ ಆಟಕ್ಕೆ ಬರುತ್ತಾರೆ.

ಬದಲಿಸುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆಯಿರಿ, ಆದ ಮೇಲೆ ಅದೇ ಜಾಗದಿಂದ ಇನ್ನೊಂದು. ಒಂದು ವಾರ ಬಿಡಿ. ಮೊದಲ ಎರಡು ದಿನ ಎಲ್ಲರಿಗೂ ಕಿರಿಕಿರಿಯೇ. ವಾರದ ನಂತರವೂ ಯಾರೋ ಒಬ್ಬರು ದಿನಾ ಮೇಜಿಗೆ ಡಿಕ್ಕಿ ಹೊಡೆಯುತ್ತಿದ್ದರೆ ಹಳೆ ಫೋಟೋ ನೋಡಿ ವಾಪಸ್ ಇಡಿ.

ಅಡುಗೆಮನೆಯ ಡಬ್ಬಿಗಳನ್ನು ಮಾತ್ರ ಮುಟ್ಟಬೇಡಿ. ಒಗ್ಗರಣೆ ಸೀಯುವಾಗ ಸಾಸಿವೆ ಡಬ್ಬಿ ಹುಡುಕುವ ಹಾಗಾದರೆ ಹಾಲ್‌ನ ಸೋಫಾ ಕೂಡ ಮುಂದೆಂದೂ ಕದಲುವುದಿಲ್ಲ. ಅಡುಗೆ ಮಾಡುವವರು ನೀವೇ ಆಗಿದ್ದರೆ ಬೇರೆ ಮಾತು.